ಖಂಡೇನವಮಿಗೆ ಟೈರ್ ಆರ್ಡರ್ ಮಾಡಿ, ಪಾಡ್ಯಕ್ಕೆ ಹಾಕಿಸಿ

ಈ ಬೇಸಿಗೆಯಲ್ಲಿ ನಮ್ಮ ಸಂಘದ ಬಹಳ ಮನೆಗಳಿಗೆ ಹೊಸ ಎಸ್‌ಯುವಿ ಬಂದಿದೆ. ನೋಡಿ ಸಂತೋಷವಾಯಿತು. ಕೊಂಡವರಲ್ಲಿ ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು, ಕೆನಡಾದ ಒಂಟಾರಿಯೊಗೆ ಬಂದು ಒಂದೆರಡು ವರ್ಷ ಆದವರು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಚಳಿಗಾಲದಲ್ಲಿ ಸ್ವಂತ ಗಾಡಿ ಓಡಿಸೋದು ಇದೇ ಮೊದಲ ಸಲ ಅನ್ನುವವರು. ಅವರಿಗೆ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದ ಟೈರ್ ತಗೊಳ್ಳಿ. ಎರಡಲ್ಲ, ನಾಲ್ಕೂ. ಬೇರೆ ರಿಮ್ ಸಮೇತ. ಮತ್ತು ಈಗಲೇ ಆರ್ಡರ್ ಮಾಡಿ.

ಗಣಪತಿ ಹಬ್ಬಕ್ಕೆ ಊರಿಗೆ ಬಂದವನು ನಾನು ಇನ್ನೂ ಬೆಳಗಾವಿಯಲ್ಲೇ ಇದ್ದೇನೆ. ಇಲ್ಲಿ ಯಾರ ಮನೆಗೆ ಹೋದರೂ ಮಾತು ಪರದೇಶದಲ್ಲಿರುವ ಮಕ್ಕಳ ಕಡೆಗೇ ತಿರುಗುತ್ತದೆ. ಮೊನ್ನೆ ಬಾಗಲಕೋಟೆಯಿಂದ ಬಂದಿದ್ದ ಮಾಮಾ ಒಬ್ಬರು ನೇರವಾಗಿ ಕೇಳಿದರು. ಅವರ ಮಗ ನಮ್ಮ ಸಂಘದ ಸದಸ್ಯ. "ಗಾಡಿ ಹೊಸಾದ ಐತಿ, ನಾಕೂ ಗಾಲಿ ಎಳೀತಾವಂತ. ಮತ್ತ ಇನ್ನೊಂದ ಸೆಟ್ ಟೈರ್ ಯಾಕ ಬೇಕಪಾ?" ಡಿಸೆಂಬರ್‌ನಲ್ಲಿ ಅವರೂ ಮಾಮಿಯೂ ಮೊಮ್ಮಗಳನ್ನು ನೋಡೋಕೆ ಅಲ್ಲಿಗೆ ಹೊರಟಿದ್ದಾರೆ. ಹಾಗಾಗಿ ಇದು ಅವರ ಪ್ರಶ್ನೆಯೂ ಹೌದು, ಆ ಗಾಡಿಯಲ್ಲಿ ಕೂರುವವರ ಪ್ರಶ್ನೆಯೂ ಹೌದು.

ಹೀಗೆ ನಾಲ್ಕೂ ಗಾಲಿ ಎಳೆಯುವ ವ್ಯವಸ್ಥೆ, ಆಲ್ ವೀಲ್ ಡ್ರೈವ್, ಗಾಡಿ ಹೊರಡುವಾಗ ನೆರವಿಗೆ ಬರುತ್ತದೆ. ನಿಲ್ಲಿಸುವಾಗ ಅದರದ್ದೇನೂ ಕೆಲಸ ಇಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಗಾಲಿಗೇ ಇರುತ್ತದೆ, ಸಣ್ಣ ಕಾರಿಗೂ ದೊಡ್ಡ ಕಾರಿಗೂ. ಇನ್ನೂ ಒಂದು ತೊಂದರೆ ಇದೆ. ಗಾಡಿ ಸಲೀಸಾಗಿ ಹೊರಟುಬಿಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಅನ್ನೋದೇ ಓಡಿಸುವವರಿಗೆ ಗೊತ್ತಾಗುವುದಿಲ್ಲ, ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಮಾಮಾಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ. ಅವರದು ಎರಿ ಹೊಲ. ಮಳೆ ಹಿಡಿದ ಮೇಲೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿಗೆ ಮಣ್ಣು ಮೆತ್ತಿಕೊಂಡು, ಟೈರಿನ ಬಟನ್ ಎಲ್ಲ ತುಂಬಿ ನುಣ್ಣಗಾಗಿ, ಗಾಲಿ ನಿಂತಲ್ಲೇ ತಿರುಗುವುದನ್ನು ಅವರು ನನಗಿಂತ ಜಾಸ್ತಿ ನೋಡಿದ್ದಾರೆ.

ಆದರೆ ಹಿಮದ ರೀತಿಯೇ ಬೇರೆ. ಕೆಸರಿಗೆ ಮಣ್ಣನ್ನು ಹೊರಗೆ ಉಗುಳುವ ಟೈರ್ ಬೇಕು. ಹಿಮಕ್ಕೆ ಹಿಮವನ್ನು ಒಳಗೆ ಹಿಡಿದಿಟ್ಟುಕೊಳ್ಳುವ ಟೈರ್ ಬೇಕು. ರಬ್ಬರ್ ಹಿಮವನ್ನು ಹಿಡಿಯುವುದಕ್ಕಿಂತ ಹಿಮವೇ ಹಿಮವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಚಳಿಗಾಲದ ಟೈರನ್ನು ಹತ್ತಿರದಿಂದ ನೋಡಿ. ಒಂದೊಂದು ಬ್ಲಾಕಿನ ಮೇಲೂ ಬ್ಲೇಡಿನಿಂದ ಸೀಳಿದ ಹಾಗೆ ಅಂಕುಡೊಂಕಾದ ಸಣ್ಣ ಗೆರೆಗಳು ಇರುತ್ತವೆ. ಅವಕ್ಕೆ ಸೈಪ್ ಅನ್ನುತ್ತಾರೆ. ಉಗುರಿನಿಂದ ಒತ್ತಿದರೆ ಅವು ಬಾಯಿ ಬಿಡುತ್ತವೆ. ಸ್ನೋ ಮೇಲೆ ಆ ಸಾವಿರಾರು ಅಂಚುಗಳೇ ಕಚ್ಚಿ ಹಿಡಿಯುವುದು.

ಎರಡನೆಯದು ರಬ್ಬರಿನ ಗುಣ. ಕಾರಿನ ಜೊತೆ ಬರುವ ಆಲ್ ಸೀಸನ್ ಟೈರ್, ಹೆಸರಿನಲ್ಲಿ ಎಲ್ಲ ಕಾಲ ಅಂತ ಇದ್ದರೂ, ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಸ್ನೋ ಇಲ್ಲದ ಒಣ ರಸ್ತೆಯಲ್ಲೂ ಅಷ್ಟೇ. ಚಳಿಗಾಲದ ಟೈರಿನ ರಬ್ಬರ್‌ಗೆ ಸಿಲಿಕಾ ಜಾಸ್ತಿ ಸೇರಿಸಿರುತ್ತಾರೆ, ಮೈನಸ್ 20ರಲ್ಲೂ ಮೆತ್ತಗಿರಲಿ ಅಂತ. ಆದ್ದರಿಂದಲೇ ಅದನ್ನು ಬೇಸಿಗೆಯಲ್ಲಿ ಓಡಿಸಬಾರದು, ಬೇಗ ಸವೆಯುತ್ತದೆ, ಬಿಸಿ ರಸ್ತೆಯಲ್ಲಿ ಬ್ರೇಕ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ವಿಜಯಪುರದಲ್ಲಿ ಏಪ್ರಿಲ್ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ನೆಲದಲ್ಲಿ ಗಾಡಿ ಕಲಿತ ನಮಗೆ ಟೈರ್ ಅಂದರೆ ಕಾಯುವ, ಸವೆಯುವ, ಸಿಡಿಯುವ ವಸ್ತು. ಚಳಿಗೆ ಗಟ್ಟಿಯಾಗುತ್ತದೆ ಅನ್ನೋದು ತಲೆಗೆ ಬರುವುದೇ ಇಲ್ಲ. ಬರಬೇಕು.

ಗುರುತು ನೋಡುವುದು ಹೇಗೆ? ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು. ಈ ಗುರುತು 1999ರಲ್ಲಿ ಬಂತು. ಸ್ನೋ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಹಾಕುತ್ತಾರೆ. ಬರೀ ಎಂ+ಎಸ್ (ಮಡ್ ಪ್ಲಸ್ ಸ್ನೋ, ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು, ಅದಕ್ಕೆ ಪರೀಕ್ಷೆ ಇಲ್ಲ. ಕ್ವಿಬೆಕ್‌ನಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಅಲ್ಲಿ ಕೇಳುವುದೂ ಈ ಬೆಟ್ಟದ ಗುರುತನ್ನೇ. ನಮ್ಮ ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ. ಆದರೆ 2016ರ ಜನವರಿ 1ರಿಂದ ಒಂಟಾರಿಯೊದ ವಿಮಾ ಕಂಪನಿಗಳು ಚಳಿಗಾಲದ ಟೈರ್ ಹಾಕಿದವರಿಗೆ ರಿಯಾಯಿತಿ ಕೊಡಲೇಬೇಕು. ತಾವಾಗಿ ಕೊಡುತ್ತಾರೆ ಅಂತ ಕೂರಬೇಡಿ, ಫೋನ್ ಮಾಡಿ ಕೇಳಿ, ಬಿಲ್ ಇಟ್ಟುಕೊಳ್ಳಿ.

ಈಗ ಆಲ್ ವೆದರ್ ಅಂತ ಇನ್ನೊಂದು ಜಾತಿ ಬಂದಿದೆ. ವರ್ಷಪೂರ್ತಿ ಒಂದೇ ಟೈರ್, ಬೆಟ್ಟದ ಗುರುತೂ ಇರುತ್ತದೆ. ಹಾಗಾದರೆ ಸಾಕಲ್ವಾ ಅಂತ ಬಹಳ ಮಂದಿ ಕೇಳುತ್ತಾರೆ. ಆ ಪರೀಕ್ಷೆ ಅಳೆಯುವುದು ಒತ್ತಿದ ಸ್ನೋ ಮೇಲೆ ಗಾಡಿ ಎಷ್ಟು ಚೆನ್ನಾಗಿ ಎಳೆಯುತ್ತದೆ ಅನ್ನೋದನ್ನು. ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿದರೆ ಎಲ್ಲಿ ನಿಲ್ಲುತ್ತದೆ ಅನ್ನೋದನ್ನಲ್ಲ. ಟೊರೊಂಟೊ ಊರೊಳಗೆ ಮಾತ್ರ ಓಡಾಡುವವರು, ಸ್ನೋ ಬಿದ್ದ ದಿನ ಮನೆಯಿಂದ ಕೆಲಸ ಮಾಡುವವರು ಆಲ್ ವೆದರ್ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಬೆಳಗ್ಗೆ 6ಕ್ಕೆ ಆಸ್ಪತ್ರೆಯ ಪಾಳಿಗೆ ಹೊರಡುವ ನಮ್ಮ ನರ್ಸ್ ಅಕ್ಕಂದಿರಿಗೆ, ಬ್ಯಾರಿ ಕಡೆಯಿಂದ 400 ಹೈವೇ ಹಿಡಿದು ಬರುವವರಿಗೆ ಅದು ಸಾಲದು. ಅವರಿಗೆ ಅಪ್ಪಟ ಚಳಿಗಾಲದ ಟೈರೇ ಬೇಕು.

ಇನ್ನು ರಿಮ್ ವಿಷಯಕ್ಕೆ ಬರೋಣ. ಹೊಸಬರು ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಬೇರೆ ರಿಮ್ ಯಾಕೆ? ಇರುವ ರಿಮ್‌ನಿಂದಲೇ ಟೈರ್ ಬಿಚ್ಚಿ, ಇನ್ನೊಂದನ್ನು ಹಾಕಿ, ಬ್ಯಾಲೆನ್ಸ್ ಮಾಡಿಸುವುದಕ್ಕೆ ವರ್ಷಕ್ಕೆ ಎರಡು ಸಲ ದುಡ್ಡು ಕೊಡಬೇಕು. ಪ್ರತಿ ಸಲವೂ ಟೈರಿನ ಅಂಚಿಗೆ ಪೆಟ್ಟು. ರಿಮ್ ಸಮೇತ ಇದ್ದರೆ ಜ್ಯಾಕ್ ಎತ್ತಿ ಮನೆಯಲ್ಲೇ ಬದಲಾಯಿಸಬಹುದು. ಕೆಲವೇ ವರ್ಷದಲ್ಲಿ ರಿಮ್‌ಗೆ ಹಾಕಿದ ದುಡ್ಡು ವಾಪಸ್ ಬರುತ್ತದೆ. ಗಾಡಿಯ ಜೊತೆ ಬಂದ ಚೆಂದದ ಅಲಾಯ್ (ಮಿಶ್ರಲೋಹದ) ರಿಮ್ ಕೂಡ ರಸ್ತೆಯ ಉಪ್ಪಿನಿಂದ ಬಚಾವ್.

ಸಾಧ್ಯವಾದರೆ ಒಂದು ಇಂಚು ಸಣ್ಣ ರಿಮ್ ತಗೊಳ್ಳಿ. ಹೋಂಡಾ ಸಿಆರ್-ವಿ ಉದಾಹರಣೆ ನೋಡೋಣ, ನಮ್ಮಲ್ಲಿ ಬಹಳ ಜನರ ಹತ್ತಿರ ಅದೇ ಇದೆ. 18 ಇಂಚಿನ ರಿಮ್‌ಗೆ 235/60 ಅಳತೆಯ ಟೈರ್ ಬರುತ್ತದೆ. ಅಂದರೆ ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ. 60, ಅಂದರೆ 141. ಮೇಲೊಂದು ಕೆಳಗೊಂದು ಸೇರಿಸಿ, ರಿಮ್ಮಿನ 457.2 ಕೂಡಿಸಿದರೆ ಒಟ್ಟು ಎತ್ತರ ಸುಮಾರು 739 ಮಿಲಿಮೀಟರ್. 17 ಇಂಚಿಗೆ 235/65 ಹಾಕಿದರೆ ಇದೇ ಲೆಕ್ಕದಲ್ಲಿ 737 ಬರುತ್ತದೆ. ಸ್ಪೀಡೋಮೀಟರ್‌ಗೆ ಆ 2 ಮಿಲಿಮೀಟರ್ ಲೆಕ್ಕಕ್ಕೇ ಇಲ್ಲ. ನಿಮಗೆ ಮಾತ್ರ ರಬ್ಬರಿನ ಗೋಡೆ ಎತ್ತರವಾಗಿ ಸಿಗುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ರಸ್ತೆ ಒಡೆದು ಗುಂಡಿ ಬಿದ್ದಾಗ ರಿಮ್ ಬಾಗುವ ಭಯ ಕಡಿಮೆ, ಟೈರಿನ ಬೆಲೆಯೂ ಸಾಮಾನ್ಯವಾಗಿ ಕಡಿಮೆ. 20 ಇಂಚಿನ ದೊಡ್ಡ ಗಾಲಿ ನೋಡೋಕೆ ಚೆಂದ, ಆದರೆ ಚಳಿಗಾಲದ ರಸ್ತೆಗೆ ಅದು ತಕ್ಕದ್ದಲ್ಲ. ಒಂದು ಎಚ್ಚರ: ಕೆಲವು ಗಾಡಿಗಳ ಬ್ರೇಕ್ ದೊಡ್ಡದು, ಸಣ್ಣ ರಿಮ್ ಅದಕ್ಕೆ ತಾಗುತ್ತದೆ. ಅಂಗಡಿಯವರ ಹತ್ತಿರ ನಿಮ್ಮ ಮಾಡೆಲ್, ವರ್ಷ, ಟ್ರಿಮ್ ಮೂರನ್ನೂ ಹೇಳಿ ಕೇಳಿ.

ನಟ್‌ಗಳ ಅಳತೆ, ಅಂದರೆ 5 ನಟ್, ಅವು ಕೂರುವ ವೃತ್ತದ ಅಡ್ಡಳತೆ 114.3 ಮಿಲಿಮೀಟರ್, ಸಿಆರ್-ವಿಗೂ ಟೊಯೋಟಾ ರಾವ್4ಗೂ ಒಂದೇ. ಹಾಗಂತ ಅದರ ರಿಮ್ ಇದಕ್ಕೆ ಹಾಕಬಹುದು ಅಂದುಕೊಳ್ಳಬೇಡಿ. ನಡುವಿನ ತೂತು ಬೇರೆ. ಇದು ನನ್ನ ಮನಸ್ಸಿಗೆ ಚೆನ್ನಾಗಿ ನಾಟಿದ್ದು ಇಲ್ಲಿ ಉದ್ಯಮಬಾಗ್‌ನಲ್ಲಿ. ನಮ್ಮ ದೊಡ್ಡಪ್ಪನ ಮಗ ಅಣ್ಣ ಅಲ್ಲಿನ ಮಷಿನ್ ಶಾಪ್ ಒಂದರಲ್ಲಿ ಫೌಂಡ್ರಿಯಿಂದ ಬಂದ ಎರಕದ ಸಾಮಾನಿಗೆ ಬೋರಿಂಗ್ ಮಾಡುತ್ತಾನೆ. ಫೋನಿನಲ್ಲಿ ರಿಮ್ ಒಂದರ ಫೋಟೋ ತೋರಿಸಿದೆ. ಅವನು ಬಣ್ಣ ಕೇಳಲಿಲ್ಲ, ಬೆಲೆ ಕೇಳಲಿಲ್ಲ. "ನಡುವಿನ ಬೋರ್ ಎಷ್ಟೈತೋ?" ಅಂದ. ಹೋಂಡಾದ ಹಬ್, ಅಂದರೆ ರಿಮ್ಮಿನ ನಡುವಿನ ತೂತಿನೊಳಗೆ ಕೂರುವ ಗಾಡಿಯ ಭಾಗ, 64.1 ಮಿಲಿಮೀಟರ್, ಫೋಟೋದಲ್ಲಿದ್ದ ರಿಮ್ಮಿನ ತೂತು 73.1. ಎಲ್ಲ ಕಂಪನಿಯ ಗಾಡಿಗೂ ಹೊಂದಲಿ ಅಂತ ಹೊರಗಿನವರು ಮಾಡುವ ರಿಮ್‌ಗಳ ತೂತು ದೊಡ್ಡದಾಗಿಯೇ ಇರುತ್ತದೆ. ಅಣ್ಣ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ವರ್ನಿಯರ್ ತೆಗೆದ, ನಾಲ್ಕೂವರೆ ಮಿಲಿಮೀಟರ್‌ಗೆ ತೆರೆದು ನನ್ನ ಕಣ್ಣ ಮುಂದೆ ಹಿಡಿದ. "ಸುತ್ತಲೂ ಇಷ್ಟ ಸಂದಿ ಬಿಟ್ಟ ಕುಂದರಸ್ತಿ ಅಂದ್ರ ಗಾಲಿ ನಡುಗೂದ ಖರೇನ." ಅದಕ್ಕೇ ಹಬ್ ರಿಂಗ್ ಅಂತ ಒಂದು ಬಳೆ ಬರುತ್ತದೆ, ಒಳಗೆ 64.1, ಹೊರಗೆ 73.1. ಅದು ಇದ್ದರೆ ಗಾಲಿ ಸರಿಯಾಗಿ ನಡುವೆ ಕೂರುತ್ತದೆ. ರಾವ್4 ಹಬ್ 60.1, ಅದಕ್ಕೆ ಬೇರೆ ರಿಂಗ್. ಬಿಲ್‌ನಲ್ಲಿ ರಿಂಗ್ ಸೇರಿದೆಯಾ ನೋಡಿ.

ನಟ್ ಕೂಡ ಹಾಗೆಯೇ. ಹೋಂಡಾ ಕಂಪನಿಯ ನಟ್ ರಿಮ್‌ಗೆ ಕೂರುವ ಮುಖ ಗುಂಡಗಿರುತ್ತದೆ. ಟೊಯೋಟಾದ ಬಹಳಷ್ಟು ಅಲಾಯ್‌ಗೆ ಚಪ್ಪಟೆ ವಾಷರ್ ಇರುವ ನಟ್. ಹೊರಗಿನ ರಿಮ್‌ಗಳಿಗೆ ಹೆಚ್ಚಾಗಿ ಕೋನ್ ಮುಖದ ನಟ್ ಬೇಕು. ಹಳೆ ನಟ್ಟನ್ನೇ ಹೊಸ ರಿಮ್‌ಗೆ ಬಿಗಿದರೆ ಬಿಗಿದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಕೂತಿರುವುದಿಲ್ಲ, ಓಡುತ್ತಾ ಸಡಿಲವಾಗುತ್ತದೆ. ಹೊಸ ನಟ್ ಸೆಟ್ಟಿಗೆ ದುಡ್ಡು ಉಳಿಸೋಕೆ ಹೋಗಬೇಡಿ, ದಯವಿಟ್ಟು.

ಸ್ಟೀಲೋ ಅಲಾಯೋ? 17 ಇಂಚಿನವರೆಗೆ ಸ್ಟೀಲ್ ಸಲೀಸಾಗಿ ಸಿಗುತ್ತದೆ. ತೂಕ ಜಾಸ್ತಿ, ತುಕ್ಕು ಹಿಡಿಯುತ್ತದೆ, ಆದರೆ ಗುಂಡಿಗೆ ಬಿದ್ದರೆ ಬಾಗುತ್ತದೆ, ಸೀಳುವುದಿಲ್ಲ. ನನ್ನ ಒಲವು ಅದರ ಕಡೆಗೇ. ಬೆಲೆಯಲ್ಲಿ ಅಂತರ ಸಣ್ಣದಿದ್ದು ಗಾಡಿಯನ್ನು ಬಹಳ ವರ್ಷ ಇಟ್ಟುಕೊಳ್ಳುವವರು ಚಳಿಗಾಲಕ್ಕೆಂದೇ ಲೇಪ ಕೊಟ್ಟ ಅಲಾಯ್ ತಗೊಳ್ಳಲಿ. ಗಾಳಿ ಕಡಿಮೆಯಾದರೆ ದೀಪ ಹೊತ್ತುವ ಸೆನ್ಸರ್, ಟಿಪಿಎಂಎಸ್, ಕೆಲವು ಗಾಡಿಯಲ್ಲಿ ಗಾಲಿಯೊಳಗೇ ಇರುತ್ತದೆ, ಹೊಸ ಸೆಟ್ಟಿಗೂ ಹಾಕಿಸಬೇಕಾಗುತ್ತದೆ. ಕೆಲವು ಗಾಡಿ ಗಾಲಿ ತಿರುಗುವ ವೇಗದಿಂದಲೇ ಲೆಕ್ಕ ಹಾಕುತ್ತವೆ, ಅವಕ್ಕೆ ರೀಸೆಟ್ ಒತ್ತಿದರೆ ಮುಗಿಯಿತು.

ಟೈರ್ ಮೇಲಿನ ಇನ್ನೊಂದು ಅಂಕಿಯನ್ನು ಮರೆಯಬೇಡಿ, ಹೊರೆಯ ಸಂಖ್ಯೆ. 100 ಅಂದರೆ ಒಂದು ಟೈರ್ 800 ಕಿಲೋ ಹೊರುತ್ತದೆ, 104 ಅಂದರೆ 900, 108 ಅಂದರೆ 1000. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ಹೊರುವ ಟೈರ್ ಬೇಡ. ಊರಿಂದ ಅಪ್ಪ-ಅವ್ವ ಬಂದಾಗ ವಿಮಾನ ನಿಲ್ದಾಣದಿಂದ ಮನೆಗೆ ಮೂರು ಸಾಲೂ ತುಂಬಿ, ಕರದಂಟು, ಕುಂದಾ, ಶೇಂಗಾ ಚಟ್ನಿ ತುಂಬಿದ ಬ್ಯಾಗುಗಳ ಸಮೇತ ಬರುತ್ತೀರಿ, ಅಲ್ವಾ?

ಬ್ರ್ಯಾಂಡ್ ಯಾವುದು ಅಂತ ಕೇಳುವವರಿಗೆ: ಫಿನ್ಲೆಂಡಿನ ನೋಕಿಯನ್ 1934ರಲ್ಲಿ ಲಾರಿಗೆ, 1936ರಲ್ಲಿ ಕಾರಿಗೆ ಚಳಿಗಾಲದ ಟೈರ್ ಮಾಡಿದ ಕಂಪನಿ. ಮಿಶೆಲಿನ್ ಎಕ್ಸ್-ಐಸ್, ಬ್ರಿಜ್‌ಸ್ಟೋನ್ ಬ್ಲಿಝಾಕ್ ಕೂಡ ಹೆಸರಾದವೇ. ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ. ಸವೆದ ದುಬಾರಿ ಟೈರಿಗಿಂತ ಮಧ್ಯಮ ಬೆಲೆಯ ಹೊಸ ಟೈರ್ ಮೇಲು. ಎರಡೇ ಹಾಕಿಸುತ್ತೇನೆ ಅನ್ನುವವರಿಗೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಮುಂದಿನ ಗಾಲಿ ಹಿಡಿದು ಹಿಂದಿನದು ಹಿಡಿಯದಿದ್ದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಮುಂದಕ್ಕೆ ಬಂದುಬಿಡುತ್ತದೆ.

ಹೊತ್ತು ಯಾವಾಗ? ಖಂಡೇನವಮಿಗೆ ಹೇಗೂ ಗಾಡಿ ತೊಳೆದು, ಹೂ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ಆ ವಾರವೇ ಆರ್ಡರ್ ಮಾಡಿ, ಅಷ್ಟರಲ್ಲಿ ಬೇಕಾದ ಅಳತೆ ಇನ್ನೂ ಅಂಗಡಿಯಲ್ಲಿರುತ್ತದೆ. ಹಾಕಿಸುವುದು ದೀಪಾವಳಿ ಪಾಡ್ಯದ ಹೊತ್ತಿಗೆ, ಅಥವಾ ಬೆಳಗಿನ ಚಳಿ 7 ಡಿಗ್ರಿಗೆ ಇಳಿದಾಗ, ಯಾವುದು ಮೊದಲೋ ಅದು. ಮೊದಲ ಸ್ನೋ ಬಿದ್ದ ಮರುದಿನ ಫೋನ್ ಮಾಡಿದರೆ ಎಲ್ಲ ಅಂಗಡಿಯಲ್ಲೂ ಸಾಲು. ಹಾಕಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ನಟ್‌ಗಳನ್ನು ಮತ್ತೆ ನೋಡಿ. ಸಿಆರ್-ವಿಗೆ 108 ನ್ಯೂಟನ್ ಮೀಟರ್, ಬೇರೆ ಗಾಡಿಯದ್ದು ಅದರ ಪುಸ್ತಕದಲ್ಲಿದೆ. ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಿ. ಚಳಿ 5-6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿಸಿದ್ದು ಜನವರಿಯ ಬೆಳಗ್ಗೆ ಹೊರಗೆ ಅಷ್ಟೇ ಇರುವುದಿಲ್ಲ.

ಕೊನೆಗೆ ನಮ್ಮ ಸಂಘದ ಪತ್ರಿಕೆಯ ಮಾರಾಟ-ಕೊಳ್ಳುವ ಪುಟದ ಬಗ್ಗೆ. ಪ್ರತಿ ವರ್ಷ ಈ ತಿಂಗಳಲ್ಲಿ ಹಳೆ ಟೈರ್ ಸೆಟ್ ಮಾರುವವರ ಜಾಹೀರಾತು ಬರುತ್ತವೆ. ಹೊಸದಾಗಿ ಬಂದ ಕುಟುಂಬಗಳಿಗೆ ಅದರಿಂದ ನಿಜವಾಗಿ ಉಪಕಾರ ಆಗುತ್ತದೆ, ಆದ್ದರಿಂದ ಕಳಿಸಿ. ಆದರೆ ಈ ಸಂಚಿಕೆಯಿಂದ ಪೂರ್ತಿ ವಿವರ ಇಲ್ಲದ ಜಾಹೀರಾತನ್ನು ನಾವು ಹಾಕುವುದಿಲ್ಲ: ಟೈರಿನ ಅಳತೆ ಮತ್ತು ಹೊರೆಯ ಸಂಖ್ಯೆ, ರಿಮ್ಮಿನ ನಟ್ ಅಳತೆ ಮತ್ತು ನಡುವಿನ ಬೋರ್, ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ (3522 ಅಂದರೆ 2022ರ 35ನೇ ವಾರದಲ್ಲಿ ತಯಾರಾದದ್ದು), ಮತ್ತು ಉಳಿದಿರುವ ಗ್ರಿಪ್ಪಿನ ಆಳ ಎಷ್ಟು ಮಿಲಿಮೀಟರ್ ಅನ್ನೋದು. 4 ಮಿಲಿಮೀಟರ್ ಹತ್ತಿರಕ್ಕೆ ಸವೆದ ಟೈರನ್ನು ಸ್ನೋ ರಸ್ತೆಯಲ್ಲಿ ಓಡಿಸಬಾರದು ಅಂತ ಟ್ರಾನ್ಸ್‌ಪೋರ್ಟ್ ಕೆನಡಾ ಹೇಳುತ್ತದೆ. ಅಷ್ಟು ಸವೆದದ್ದನ್ನು ಪುಕ್ಕಟೆ ಕೊಡುತ್ತೇನೆ ಅಂದರೂ ನಮ್ಮ ಪುಟದಲ್ಲಿ ಜಾಗ ಇಲ್ಲ.