ಅಭ್ಯಾಸ ಆಗಿದೆ ಅಂದೆಯಲ್ಲ

ಮಂಡ್ಯ, ಭಾನುವಾರ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ಇಲ್ಲಿಯ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಒಪ್ಪಿಸಿರುತ್ತಾಳೆ, ಅದನ್ನು ಬಿಡುತ್ತೀನಿ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿದೆ: ‘ಆಕ್ಸಿಲರೇಟರಿಂದ ಕಾಲು ತೆಗೆದರೆ ಮುಂದುಗಡೆ ದಡ್ ಅನ್ನುತ್ತೆ, ಈಗ ಅಭ್ಯಾಸ ಆಗಿದೆ.’ ಸದ್ದಿನ ವಿಷಯ ಹಾಗಿರಲಿ, ಆ ಅಭ್ಯಾಸ ಅನ್ನುವ ಮಾತಿಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಅನುಮಾನ ಎಂಜಿನ್ ಫೌಂಡೇಶನ್ ಮೇಲೆ, ಅಂದರೆ ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಮೌಂಟುಗಳ ಮೇಲೆ, ಅದರಲ್ಲೂ ಕೆಳಗಿನ ಟಾರ್ಕ್ ರಾಡಿನ ಮೇಲೆ. ನಿನ್ನ ಗಾಡಿಯ ಎಂಜಿನ್ ಅಡ್ಡಲಾಗಿ ಕೂತಿದೆ. ಮೇಲಿನ ಎರಡು ಮೌಂಟು ಭಾರ ಹೊರುತ್ತವೆ, ಕೆಳಗೆ ಹಿಂದುಗಡೆ ಇರುವ ಮೂಳೆಯಾಕಾರದ ರಾಡು ಎಂಜಿನ್ ತೂಗಾಡದಂತೆ ಹಿಡಿಯುತ್ತೆ. ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ಲು ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇರುವುದರಿಂದ ಇವು ತಡೆಯಬೇಕಾದ್ದು ಎಂಜಿನ್ನಿನ 200 ನ್ಯೂಟನ್ ಮೀಟರನ್ನಲ್ಲ, ಚಕ್ರಕ್ಕೆ ಹೋಗುವ ಪೂರಾ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು. ಮೊದಲ ಗೇರಿನಲ್ಲಿ ಅದು ಅಂದಾಜು ಹದಿಮೂರು ಪಟ್ಟು, 2,600 ಅಂತಿಟ್ಟುಕೋ. ಎಂಜಿನ್ನಿನ ಕಂಪ್ಯೂಟರ್ ಲೆಕ್ಕ ಬದಲಿಸುವ ರೀಮ್ಯಾಪ್ ಮಾಡಿಸಿ 50 ಜಾಸ್ತಿ ಆಯಿತು ಅಂತ ಹಿಗ್ಗಿದೆಯಲ್ಲ, ಆ ರಬ್ಬರಿಗೆ ಅದು ಇನ್ನೂ 650.

1971ರಲ್ಲಿ ಅಮೆರಿಕದಲ್ಲಿ ಜನರಲ್ ಮೋಟರ್ಸ್ ಸುಮಾರು 67 ಲಕ್ಷ ಷೆವ್ರೊಲೆ ಗಾಡಿಗಳನ್ನು ಇದಕ್ಕೇ ವಾಪಸ್ ಕರೆಯಿತು. ಮೌಂಟು ಹರಿದು ಎಂಜಿನ್ ಎದ್ದು, ಆಕ್ಸಿಲರೇಟರ್ ಸಲಾಕೆಯನ್ನು ತಾನೇ ಎಳೆಯುತ್ತಿತ್ತು. ಕಡೆಗೆ ಎಂಜಿನ್ನು ಮೇಲೇಳದ ಹಾಗೆ ಉಕ್ಕಿನ ಕೇಬಲ್ ಕಟ್ಟಿಕೊಟ್ಟರು. ನಿನ್ನದರಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಕರೆಂಟಿನದು, ಹಾಗೆ ಎಳೆಯುವುದಿಲ್ಲ, ಒಪ್ಪಿದೆ. ಆದರೆ ಎಂಜಿನ್ ವಾಲಿದಾಗ ಗೇರ್ ಕೇಬಲ್ ಎಳೆದು ಗೇರು ಜಾರಬಹುದು, ಟರ್ಬೊ ಪೈಪು ಕಳಚಬಹುದು. ಚಾಮುಂಡಿ ಬೆಟ್ಟದ ತಿರುವಿನಲ್ಲೋ, ಕಬ್ಬಿನ ಲಾರಿ ಓವರ್‌ಟೇಕ್ ಮಾಡುವಾಗಲೋ ಹಾಗಾದರೆ? ನನ್ನ ಹೆದರಿಕೆ ಅದು. ಕಡಾಣಿ ಸಡಿಲವಾದ ಎತ್ತಿನ ಗಾಡಿಯೂ ಸುಮಾರು ದೂರ ಓಡುತ್ತೆ ಕಣೋ.

ಪರೀಕ್ಷೆ ಹೇಳುತ್ತೀನಿ, ಗೊತ್ತಿದ್ದರೆ ಬೇಸರ ಮಾಡಿಕೋಬೇಡ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಕಲ್ಲು ಕೊಡು. ಹ್ಯಾಂಡ್‌ಬ್ರೇಕ್ ಎಳಿ, ಕಾಲಿನ ಬ್ರೇಕ್ ಬಲವಾಗಿ ಒತ್ತಿರು. ಬಾನೆಟ್ ತೆಗೆದು ಪಕ್ಕದಿಂದ ಫೋನಿನಲ್ಲಿ ವಿಡಿಯೊ ತೆಗೆಸು. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಮೊದಲ ಗೇರಿಗೆ ಹಾಕಿ ಕ್ಲಚ್ಚನ್ನು ಹಿಡಿಯುವ ಮಟ್ಟಕ್ಕೆ ಮಾತ್ರ ಬಿಟ್ಟು, ಎರಡೇ ಸೆಕೆಂಡಿಗೆ ಮತ್ತೆ ಒತ್ತು. ಎಂಜಿನ್ನಿನ ತಲೆ ನಿನ್ನ ಕಡೆಗೆ ವಾಲುತ್ತೆ. ರಿವರ್ಸಿನಲ್ಲಿ ಮುಂದಕ್ಕೆ. ಒಂದು ಬೆರಳಗಲ ಅಲ್ಲಾಡಿದರೆ ಸಹಜ. ಎರಡು ಬೆರಳು ದಾಟಿ ಕೊನೆಯಲ್ಲಿ ದಡ್ ಅಂದರೆ ರಾಡಿನ ರಬ್ಬರ್ ಬುಷ್ ಹರಿದಿದೆ. ಹೀಗೆ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ಮಾಡಬೇಡ, ಕ್ಲಚ್ ಸುಡುತ್ತೆ.

ಆಕ್ಸಿಲರೇಟರ್ ಮುಟ್ಟದೆ ಹಂಪಿನ ಮೇಲೆ ಮಾತ್ರ ಸದ್ದು ಬಂದರೆ ಅದು ಸಸ್ಪೆನ್ಶನ್ನಿನ ಲೋಯರ್ ಆರ್ಮ್ ಬುಷ್ಷೋ ಲಿಂಕ್ ರಾಡೋ ಇರಬೇಕು. ತಿರುಗುವಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟು. ಎ.ಸಿ. ಹಾಕಿ ನಿಂತಾಗ ಸೀಟು ನಡುಗಿದರೆ ಮೇಲಿನ ಮೌಂಟು ನೋಡಬೇಕು, ಆದರೆ ಅದಕ್ಕೂ ಮುಂಚೆ ಪ್ಲಗ್ಗು, ಕಾಯಿಲ್ ನೋಡಿಸು. ಸಿಲಿಂಡರಿನಲ್ಲಿ ಸರಿಯಾಗಿ ಬೆಂಕಿ ಹೊತ್ತದ ಮಿಸ್‌ಫೈರಿಗೂ ಗಾಡಿ ಹಾಗೇ ನಡುಗುತ್ತೆ.

ರಬ್ಬರಿನ ಮೇಲಿನ ಸಣ್ಣ ಬಿರುಕು ನೋಡಿ ಗಾಬರಿಯಾಗಬೇಡ. ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡಿದೆಯಾ ಅನ್ನುವುದು ಮುಖ್ಯ. ಮೇಲಿನದು ಒಳಗೆ ದ್ರವ ತುಂಬಿದ ಮೌಂಟಾದರೆ ಸುತ್ತ ಒದ್ದೆ ಇದೆಯಾ ನೋಡು. ಎಂಜಿನ್ನಿನ ಮೇಲ್ಮುಚ್ಚಳ ಟ್ಯಾಪೆಟ್ ಕವರಿಂದ ಸೋರಿದ ಆಯಿಲೂ ಅಲ್ಲೇ ಇಳಿಯಬಹುದು, ಅದಕ್ಕೆ ಒರೆಸಿ ಎರಡು ದಿನ ಬಿಟ್ಟು ನೋಡು. ಆಯಿಲೇ ಆದರೆ ಮೊದಲು ಆ ಸೋರಿಕೆ ನಿಲ್ಲಿಸು. ಆಯಿಲ್ ಕುಡಿದ ರಬ್ಬರು ಊದಿ ಮೆತ್ತಗಾಗುತ್ತೆ, ಹೊಸದನ್ನು ಹಾಕಿದರೂ ಅದೇ ಗತಿ. ಸರ್ವೀಸಿಗೆ ಬಿಟ್ಟಾಗ ಗಾಡಿಯ ತಳಕ್ಕೆ ಡೀಸೆಲ್ ಹೊಡೆಸುವ ಚಾಳಿಯನ್ನೂ ಬಿಡು.

‘ಇನ್ನೊಂದು ತಿಂಗಳು ಓಡಲಿ’ ಅಂತ ನಾನೂ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದೀನಿ. ಅವರಲ್ಲಿ ಯಾರ್ಯಾರು ಸರಿಯಾಗಿ ಮನೆ ಸೇರಿದರೋ ಕೇಳಲಿಲ್ಲ. ನಿನ್ನ ಸಾಲು ಓದಿದಾಗಿಂದ ಅದೇ ಕೊರೆಯುತ್ತಿದೆ.

ಬದಲಾಯಿಸುವಾಗ ಗ್ಯಾರೇಜಿನವನ ಪಕ್ಕದಲ್ಲೇ ನಿಂತಿರು. ಜಾಕಿಯನ್ನು ನೇರ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರಿಗೆ ಕೊಟ್ಟರೆ ಅಲ್ಯೂಮಿನಿಯಂ ಒಡೆಯುತ್ತೆ, ನಡುವೆ ಅಗಲವಾದ ಹಲಗೆ ಇಡಿಸು. ಒಂದು ಸಲಕ್ಕೆ ಒಂದೇ ಮೌಂಟು ಬಿಚ್ಚಬೇಕು. ಬೋಲ್ಟುಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಎಂಜಿನ್ ಭಾರ ಪೂರ್ತಿ ಇಳಿದು ತಾನಾಗಿ ಕೂತ ಮೇಲೆಯೇ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ವಾಲಿದ ಭಂಗಿಯಲ್ಲೇ ಬಿಗಿದರೆ ರಬ್ಬರು ಗಾಡಿ ನಿಂತಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿಯುವ ಬೋಲ್ಟಾದರೆ ಹೊಸದೇ ಬೇಕು. ಒಮ್ಮೆ ಎಳೆದದ್ದು ಮತ್ತೆ ಸರಿಯಾಗಿ ಹಿಡಿಯಲ್ಲ. ಮೇಲಿನ ಎರಡನ್ನೂ, ಸೈಲೆನ್ಸರಿನ ಬಳುಕುವ ಬೆಲ್ಲೋ ಪೈಪನ್ನೂ ಅದೇ ದಿನ ನೋಡಿಸು. ಕೆಳಗಿನದು ಕೈಬಿಟ್ಟಷ್ಟು ದಿನ ಆ ಹೊಡೆತ ತಿಂದಿರುವುದು ಅವೇ.

ರಬ್ಬರಿಗೆ ಬದಲು ಗಟ್ಟಿಯಾದ ಪಾಲಿಯುರೆಥೇನ್ ಹಾಕಿಸಲಾ ಅಂತ ಕೇಳಿದ್ದೀಯ. ಕೆಳಗಿನ ರಾಡಿಗೆ ಮಾತ್ರ ಹಾಕಿಸು, ಗಡಸುತನದ ಅಳತೆಯಲ್ಲಿ ಶೋರ್ ಎ 70ರ ಆಸುಪಾಸಿನದು ಸಾಕು. ನಿಂತಾಗ ಸ್ವಲ್ಪ ನಡುಕ ಬರುತ್ತೆ, ತಡೆದುಕೋ. ಮೇಲಿನವು ಕಂಪನಿಯ ರಬ್ಬರೇ ಇರಲಿ. ಪೂರ್ತಿ ಅಲ್ಯೂಮಿನಿಯಂ ಮೌಂಟು ರೇಸಿನವರಿಗೆ, ದಿನಾ ಆಫೀಸಿಗೆ ಹೋಗುವ ಗಾಡಿಗಲ್ಲ. ಅದರಲ್ಲಿ ನಡುಕವೆಲ್ಲ ಬ್ರಾಕೆಟ್ಟಿಗೂ ಗೇರ್‌ಬಾಕ್ಸಿನಲ್ಲಿ ಬೋಲ್ಟು ಕೂರುವ ಕಿವಿಗಳಿಗೂ ಹೋಗಿ ಅಲ್ಲಿ ಸೀಳುತ್ತೆ.

ಓಡಿಸುವ ರೀತಿ ಬಗ್ಗೆ ಹೇಳಿದರೆ ಮುದುಕನ ಪುರಾಣ ಅನ್ನುತ್ತೀಯ. ಇಷ್ಟೇ: ಕ್ಲಚ್ ಒಮ್ಮೆಲೇ ಬಿಡಬೇಡ, ಐದನೇ ಗೇರಿನಲ್ಲಿ 1,200 ಆರ್‌ಪಿಎಮ್‌ಗೆ ಇಳಿಸಿ ಆಕ್ಸಿಲರೇಟರ್ ಒತ್ತಬೇಡ. ಹೊರಡುವಾಗ ಮುಂದಿನ ಚಕ್ರ ದಡದಡ ಕುಣಿದರೆ ತಕ್ಷಣ ಕಾಲು ತೆಗಿ. ಚಕ್ರ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವ ಆ ಹೊಡೆತ ಒಂದೇ ಸಮ ಎಳೆಯುವುದಕ್ಕಿಂತ ಕೆಟ್ಟದ್ದು.

ಮುಂದಿನ ಶನಿವಾರ ಊರಿಗೆ ಬರುತ್ತೀನಿ ಅಂದಿದ್ದೀಯ. ಹೆದ್ದಾರಿಗೆ ಆ ಗಾಡಿ ತರಬೇಡ, ರೈಲಿಗೆ ಬಾ. ವಿಡಿಯೊ ನಾಳೆಯೇ ಕಳಿಸು, ಎಂಜಿನ್ನಿನ ಸದ್ದು ಸಮೇತ. ಹಿಂದಿನ ಸಲದ ಹಾಗೆ ಹಾಡು ಹಾಕಿ ಕಳಿಸಬೇಡ.

ನಿನ್ನ ದೊಡ್ಡಪ್ಪ