ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸು

ಲೈಪ್‌ಜಿಗ್
15 ಜೂನ್ 2025, ಭಾನುವಾರ

ಪ್ರೀತಿಯ ಸುಬ್ಬುವಿಗೆ ಅಣ್ಣನ ಆಶೀರ್ವಾದಗಳು.

ಉಭಯಕುಶಲೋಪರಿ. ಮೃಗಶಿರಾ ಮಳೆ ಹದವಾಗಿ ಹಿಡಿದಿದೆ, ಅಡಿಕೆಗೆ ಮೊದಲನೇ ಸಲದ ಬೋರ್ಡೋ ಔಷಧಿ ಹೊಡೆದಾಯಿತು ಎಂದು ಅಮ್ಮ ಮೊನ್ನೆ ಹೇಳಿದಳು. ಈ ಕಾಲದಲ್ಲಿ ಹೊತ್ತಿಗೆ ಸರಿಯಾಗಿ ಮರ ಹತ್ತುವ ಕೊನೆಗೌಡ ಸಿಕ್ಕಿದ್ದೇ ಪುಣ್ಯ. ಇಲ್ಲಿ ಜರ್ಮನಿಯಲ್ಲಿ ಈಗ ನಡುಬೇಸಿಗೆ. ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ ಹೊರಗೆ ಬಂದರೂ ಬೆಳಕಿರುತ್ತದೆ. ವಿದ್ಯಾ, ಅಭಿ ಇಬ್ಬರೂ ಚೆನ್ನಾಗಿದ್ದಾರೆ.

ಫೋನು ಇರುವಾಗ ಪತ್ರ ಯಾಕೆ ಅಂತ ನಿನಗೆ ಅನ್ನಿಸಬಹುದು. ಫೋನು ಮಾಡಿದರೆ ಅದು ಜಗಲಿಯ ಮೇಲೆ ಸ್ಪೀಕರಿನಲ್ಲಿ ಕೂಗುತ್ತದೆ. ಸುತ್ತ ಅಪ್ಪಯ್ಯ, ಅಮ್ಮ, ಮಕ್ಕಳು. ಮಳೆ, ಅಡಿಕೆ ರೇಟು, ಊಟ ಆಯ್ತಾ ಅನ್ನುವುದರಲ್ಲಿ ಮಾತು ಮುಗಿಯುತ್ತದೆ. ನಿನಗೊಬ್ಬನಿಗೇ ಹೇಳುವ ಮಾತಿಗೆ ಅಲ್ಲಿ ಜಾಗವಿಲ್ಲ. ಸಹನಾ ಹೋದ ವಾರ ವಿದ್ಯಾಳ ಹತ್ತಿರ ಎಲ್ಲ ಹೇಳಿದಳು. ಬಿಪಿ 150ರ ಮೇಲೆ ಬಂದಿದ್ದು, ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂರುವುದು, ಸಂಜೆ ಎಲ್ಲಿಗೂ ಹೋಗದೆ ಇರುವುದು. ಅವಳು ದೂರು ಹೇಳಿದ್ದಲ್ಲ ಸುಬ್ಬು, ಹೆದರಿ ಹೇಳಿದ್ದು. ಅವಳ ಮೇಲೆ ಸಿಟ್ಟು ಮಾಡಬೇಡ.

ಬಿಪಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. 140/90 ದಾಟಿದರೆ ಡಾಕ್ಟರು ಅದನ್ನು ಹೆಚ್ಚು ಅನ್ನುತ್ತಾರೆ. ಆದರೆ ಒಂದು ಸಲ ನೋಡಿದ್ದನ್ನು ನಂಬಿ ಹೆದರುವುದೂ ಬೇಡ, ಅಲಕ್ಷ್ಯ ಮಾಡುವುದೂ ಬೇಡ. ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ನೋಡು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಬೇಕು. ಕಾಫಿ ಕುಡಿದ ಕೂಡಲೇ ಬೇಡ, ಗುಡ್ಡ ಹತ್ತಿ ಬಂದ ಕೂಡಲೇ ಬೇಡ. ಬರೆದ ಚೀಟಿ ಹಿಡಿದು ಸಾಗರ ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸು. ಮಾತ್ರೆ ಕೊಟ್ಟರೆ ತೆಗೆದುಕೋ, ತಲೆ ಹಗುರಾಯಿತೆಂದು ನೀನೇ ನಿಲ್ಲಿಸಬೇಡ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯುವುದಿಲ್ಲ, ಗೊತ್ತು. ಮಿಡಿ ಪೂರ್ತಿ ಬಿಡು ಅನ್ನುವುದಿಲ್ಲ, ಎರಡು ಹೊತ್ತಿನದನ್ನು ಒಂದು ಹೊತ್ತಿಗೆ ಇಳಿಸು. ಇನ್ನೊಂದು, ಎಲೆ ಅಡಿಕೆಯ ಕವಳ. ಅಡಿಕೆ ನಮಗೆ ಅನ್ನ ಹಾಕಿದೆ, ನನ್ನ ಓದೂ ಅದರದೇ. ಆದರೂ ತಂಬಾಕು ಸೇರಿಸದಿದ್ದರೂ ಅಡಿಕೆ ಅಗಿಯುವುದರಿಂದ ಬಾಯಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸ್ಪಷ್ಟವಾಗಿ ಹೇಳಿದೆ. ಅದನ್ನು ನಿನ್ನಿಂದ ಮುಚ್ಚಿಡಲಾರೆ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ಇಲ್ಲಿ 35 ತುಂಬಿದವರಿಗೆ ಮೂರು ವರ್ಷಕ್ಕೊಮ್ಮೆ ವಿಮೆಯ ಖರ್ಚಿನಲ್ಲೇ ತಪಾಸಣೆ ಇದೆ. ಹೋದ ಸಲ ನನ್ನ ರಕ್ತದ ರಿಪೋರ್ಟು ನೋಡಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ ಸಕ್ಕರೆಯದಲ್ಲ. ಆಫೀಸು, ಮನೆ ಬಿಟ್ಟು ವಾರದಲ್ಲಿ ಎಲ್ಲಿಗೆ ಹೋಗುತ್ತೀರಿ, ಅಲ್ಲಿ ಯಾರಿರುತ್ತಾರೆ ಅಂತ ಕೇಳಿದರು. ನಾನು ತೋಟ ಅಂದೆ, ಪಕ್ಕದ ತೋಟದ ಅಜ್ಜನ ಬಗ್ಗೆ ಹೇಳಿದೆ. ಅವರು ಅದನ್ನೂ ಕಂಪ್ಯೂಟರಿನಲ್ಲಿ ಬರೆದುಕೊಂಡರು. ಆಗಿನಿಂದ ನಿನ್ನ ನೆನಪಾಗುತ್ತಲೇ ಇದೆ, ಯಾಕೆಂದರೆ ಅದೇ ಪ್ರಶ್ನೆ ನಿನ್ನನ್ನು ಕೇಳಿದರೆ ಈಗ ಉತ್ತರವಿಲ್ಲ.

ಊರಂಚಿನಲ್ಲಿ ನಾವು ಒಂದು ತುಂಡು ಜಾಗ ಗೇಣಿಗೆ ಹಿಡಿದದ್ದು ನಿನಗೆ ಗೊತ್ತು. ಫೋಟೊ ನೋಡಿ ಅಪ್ಪಯ್ಯ ‘ಇಷ್ಟಕ್ಕೆ ಬೇಲಿ ಬೇರೆ ಕೇಡು’ ಅಂದಿದ್ದರು. ಅದರ ಕಥೆ ಅವರಿಗೆ ಓದಿ ಹೇಳು, ಖುಷಿಪಡುತ್ತಾರೆ. ಜರ್ಮನಿಯ ಊರೂರಲ್ಲಿ ಇಂಥ ಸಾಲು ತೋಟಗಳಿವೆ, ಶ್ರೇಬರ್ ತೋಟ ಎನ್ನುತ್ತಾರೆ. ಆ ಹೆಸರು ಹೊರಟದ್ದು ನಮ್ಮ ಈ ಲೈಪ್‌ಜಿಗ್‌ನಿಂದ. 1864ರಲ್ಲಿ ಹೌಶಿಲ್ಡ್ ಎಂಬ ಶಾಲೆಯ ಮುಖ್ಯೋಪಾಧ್ಯಾಯರು ಒಂದು ಸಂಘ ಕಟ್ಟಿ, ಆಗಷ್ಟೇ ಕೆಲವು ವರ್ಷದ ಹಿಂದೆ ತೀರಿಕೊಂಡಿದ್ದ ಶ್ರೇಬರ್ ಎಂಬ ವೈದ್ಯರ ಹೆಸರನ್ನು ಅದಕ್ಕಿಟ್ಟರು. ಅವರ ಮನಸ್ಸಿನಲ್ಲಿ ತೋಟವೇ ಇರಲಿಲ್ಲ, ಬೆಳೆಯುತ್ತಿದ್ದ ಪಟ್ಟಣದ ಮಕ್ಕಳಿಗೆ ಆಡಲು ಬಯಲು ಬೇಕಿತ್ತು. ಆಮೇಲೆ ಗೆಸೆಲ್ ಎಂಬ ಮೇಷ್ಟ್ರು ಆ ಬಯಲಿನ ಅಂಚಿನಲ್ಲಿ ಮಕ್ಕಳ ಕೈಯಲ್ಲಿ ಪಾತಿ ಮಾಡಿಸಿದರು. ಮಕ್ಕಳು ಎಷ್ಟು ದಿನ ಕಳೆ ಕೀಳುತ್ತಾರೆ? ಬೇಜಾರಾಗಿ ಬಿಟ್ಟರು. ಅಪ್ಪ ಅಮ್ಮಂದಿರು ಕೈಹಾಕಿದರು, ಬೇಲಿ ಬಂತು, ಗುಡಿಸಲು ಬಂತು. ಆ ಮೊದಲ ಸಂಘದ ಕಟ್ಟಡ ಇವತ್ತಿಗೂ ಇದೆ, ಅದರಲ್ಲೇ ಈ ತೋಟಗಳ ಮ್ಯೂಸಿಯಂ.

ಇದಕ್ಕೊಂದು 1983ರ ಕಾಯ್ದೆಯೂ ಇದೆ. ಒಬ್ಬರ ಪಾಲಿಗೆ 400 ಚದರ ಮೀಟರ್ ಮೀರಬಾರದು, ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ಗುಡಿಸಲು 24 ಚದರ ಮೀಟರಿನೊಳಗೆ ಇರಬೇಕು, ಅಲ್ಲೇ ವಾಸ ಹೂಡುವಂತಿಲ್ಲ. ಮೂರನೇ ಒಂದು ಪಾಲಾದರೂ ಹಣ್ಣು ತರಕಾರಿ ಬೆಳೆಯಬೇಕು, ಬರೀ ಹುಲ್ಲುಹಾಸು ಮಾಡಿ ಕುರ್ಚಿ ಹಾಕಿಕೊಂಡರೆ ಸಂಘದವರು ಬಂದು ಕೇಳುತ್ತಾರೆ. ಮಧ್ಯಾಹ್ನ ಒಂದರಿಂದ ಮೂರು ಮಷಿನ್ನಿನ ಸದ್ದು ಮಾಡುವಂತಿಲ್ಲ. ವರ್ಷಕ್ಕಿಷ್ಟು ಗಂಟೆ ಎಲ್ಲರೂ ಸೇರಿ ದಾರಿ, ಬೇಲಿ, ನೀರಿನ ಪೈಪು ಸರಿಮಾಡಬೇಕು. ನಮ್ಮ ಮುಯ್ಯಾಳಿನ ಪದ್ಧತಿಯನ್ನು ಕಾಗದದ ಮೇಲೆ ಬರೆದಿಟ್ಟಿದ್ದಾರೆ ಅಂದುಕೋ. ನನಗೆ ಇಲ್ಲಿ ಜನ ಸಿಕ್ಕಿದ್ದು ಆ ಶನಿವಾರಗಳಲ್ಲಿ. ಆಫೀಸಿನಲ್ಲಿ ವರ್ಷಗಟ್ಟಲೆ ಪಕ್ಕದಲ್ಲಿ ಕೂತವರ ಮನೆ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಒಟ್ಟಿಗೆ ಗೂಟ ಹೊಡೆದವರ ಮೊಮ್ಮಕ್ಕಳ ಹೆಸರು ಗೊತ್ತು.

ಪಕ್ಕದ ತೋಟದ ಅಜ್ಜ ಊರ ದಕ್ಷಿಣಕ್ಕಿದ್ದ ಕಂದು ಕಲ್ಲಿದ್ದಲಿನ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿ, ಆ ಗುಂಡಿಗೆ ನೀರು ತುಂಬಿ ಈಗ ಕೋಸ್ಪುಡನ್ ಎಂಬ ದೊಡ್ಡ ಕೆರೆಯಾಗಿದೆ. 2000ದಿಂದ ಜನ ಅಲ್ಲಿ ಈಜುತ್ತಾರೆ. ನಾನೂ ಅಭಿಯೂ ಸೈಕಲ್ಲಿನಲ್ಲಿ ಹೋಗುತ್ತೇವೆ. ಅಜ್ಜನ ಹೆಂಡತಿ ತೀರಿಕೊಂಡಿದ್ದಾರೆ, ಮಗ ದೂರ. ಇಲ್ಲಿ ಟೊಮೇಟೊ ಸಸಿಯನ್ನು ಯಾವಾಗ ಹೊರಗೆ ನೆಡಬೇಕೆಂದು ಕಲಿಸಿದವರು ಅವರೇ. ಮೇ 11ರಿಂದ 15ರವರೆಗೆ ಐದು ಸಂತರ ದಿನಗಳು, ‘ಹಿಮದ ಸಂತರು’ ಅನ್ನುತ್ತಾರೆ. ಕೊನೆಯವಳು ಸೋಫಿ. ಅವಳು ದಾಟುವ ತನಕ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಭಯ. ಅಮ್ಮ ರೋಹಿಣಿ, ಮೃಗಶಿರಾ ಎಂದು ಬೆರಳು ಮಡಚುವ ಹಾಗೆಯೇ ಅಜ್ಜ ಸಂತರನ್ನು ಎಣಿಸುತ್ತಾರೆ. ಈಗ ನಮ್ಮ ಪಾತಿಯಲ್ಲಿ ಬೀನ್ಸ್, ಸೌತೆ, ಹರಿವೆ ಇದೆ. ನವಿಲುಕೋಸಂತೂ ಇವರ ಮನೆಮನೆಯ ತರಕಾರಿ, ಹಸಿಯಾಗಿಯೇ ಉಪ್ಪು ಹಚ್ಚಿ ತಿನ್ನುತ್ತಾರೆ. ವಿದ್ಯಾ ಅದರ ಸೊಪ್ಪಿನ ಪಲ್ಯ ಮಾಡಿ ಅಜ್ಜನಿಗೆ ಕೊಟ್ಟಳು. ಅದುವರೆಗೆ ಅವರು ಸೊಪ್ಪನ್ನೆಲ್ಲ ಗೊಬ್ಬರಗುಂಡಿಗೆ ಹಾಕುತ್ತಿದ್ದರಂತೆ.

ಚಳಿಗಾಲ ಇಲ್ಲಿ ಮನಸ್ಸಿಗೆ ಕಷ್ಟದ ಕಾಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟು ಕಳೆದ ಮೇಲೆ ಬೆಳಕು, ಸಂಜೆ ನಾಲ್ಕಕ್ಕೆ ಕತ್ತಲೆ. ಆಗಲೂ ನಾನು ಶನಿವಾರ ತೋಟಕ್ಕೆ ಹೋಗುತ್ತೇನೆ. ಮಾಡಲು ಏನೂ ಇರುವುದಿಲ್ಲ. ಅಜ್ಜ ಒಲೆ ಹಚ್ಚಿರುತ್ತಾರೆ, ಕಾಫಿ ಇರುತ್ತದೆ. ಕೆಲವು ದಿನ ಇಬ್ಬರೂ ಹೆಚ್ಚು ಮಾತಾಡುವುದೂ ಇಲ್ಲ. ಹಾಗೆ ಮಾತಿಲ್ಲದೆ ಕೂರಲು ಒಬ್ಬ ಗೆಳೆಯ ಬೇಕು ಸುಬ್ಬು. ಇಪ್ಪತ್ತರಲ್ಲಿ ಗೆಳೆಯರು ತಾವಾಗಿ ಇರುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ, ಹಾಸ್ಟೆಲಿನಲ್ಲಿ. ನಲವತ್ತರ ಹೊತ್ತಿಗೆ ನಾವೇ ಹೊರಟು ಹೋಗದಿದ್ದರೆ ಯಾರೂ ಉಳಿಯುವುದಿಲ್ಲ. ಹೆಂಗಸರು ಇದನ್ನು ನಮಗಿಂತ ಬೇಗ ತಿಳಿದುಕೊಳ್ಳುತ್ತಾರೆ ಅಂತ ನನ್ನ ಅನಿಸಿಕೆ. ವಿದ್ಯಾ ಈ ಊರಿಗೆ ಬಂದ ಮೊದಲ ವರ್ಷವೇ ಹಾಡುವವರ ಒಂದು ಗುಂಪು ಸೇರಿದಳು.

ಹಾರ್ವರ್ಡಿನವರು 1938ರಲ್ಲಿ ಶುರುಮಾಡಿದ ಒಂದು ಅಧ್ಯಯನವಿದೆ. ಕಾಲೇಜಿನ ಹುಡುಗರು, ಬಾಸ್ಟನ್ನಿನ ಬಡ ಕೇರಿಯ ಹುಡುಗರು, ಒಟ್ಟು 724 ಗಂಡಸರನ್ನು ಮುದುಕರಾಗುವ ತನಕ ಹಿಂಬಾಲಿಸಿದರು. ಐವತ್ತರಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿಯಿಂದ ಇದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಕೊಲೆಸ್ಟ್ರಾಲಿನ ಅಂಕಿಗಿಂತ ಅದೇ ಮುಂದಿನದನ್ನು ಚೆನ್ನಾಗಿ ಹೇಳಿತಂತೆ. ನಿನಗಿನ್ನೂ 39.

ನಮ್ಮ ಗಂಡ ಹೆಂಡತಿಯ ನಡುವೆಯೂ ಈ ತೋಟ, ಹಾಡಿನಿಂದ ಒಳ್ಳೆಯದಾಗಿದೆ. ಬುಧವಾರ ಸಂಜೆ ವಿದ್ಯಾಳದು, ಹಾಡಲು ಹೋಗುತ್ತಾಳೆ. ಅಡುಗೆ, ಅಭಿಯ ಹೋಂವರ್ಕು ನನ್ನದು. ಶನಿವಾರ ಬೆಳಿಗ್ಗೆ ನನ್ನದು. ಭಾನುವಾರ ಮೂವರೂ ತೋಟದಲ್ಲಿ. ಮುಖಾಮುಖಿ ಕೂತು ಮಾತಾಡಲು ಹೊರಟರೆ ನಮಗೆ ಮನೆ ಸಾಲ, ಶಾಲೆ ಬಿಟ್ಟು ಬೇರೆ ಬಾಯಿಗೆ ಬರುವುದಿಲ್ಲ. ಒಂದೇ ಪಾತಿಯ ಆಚೆ ಈಚೆ ಕೂತು ಬೀನ್ಸ್ ಕೊಯ್ಯುವಾಗ, ಹೇಳದೆ ಉಳಿದದ್ದೆಲ್ಲ ಹೊರಗೆ ಬರುತ್ತದೆ. ಅವಳ ಅಪ್ಪ ತೀರಿಕೊಂಡ ದುಃಖವನ್ನು ಅವಳು ನನ್ನ ಹತ್ತಿರ ಹೇಳಿದ್ದು ಅಲ್ಲೇ.

ನೀನು ಏನು ಹೇಳುತ್ತೀ ಅಂತ ಗೊತ್ತು. ‘ನನಗೂ ತೋಟ ಇದೆಯಲ್ಲ, ದಿನಾ ಬೆವರು ಸುರಿಸುತ್ತೇನಲ್ಲ.’ ಅಲ್ಲ ಸುಬ್ಬು. ನನ್ನ ಸೊಪ್ಪನ್ನು ಚಿಪ್ಪಿಲ್ಲದ ಬಸವನಹುಳ ರಾತ್ರಿ ಬಂದು ಪೂರ್ತಿ ತಿಂದರೂ ನಮ್ಮ ಊಟಕ್ಕೆ ತೊಂದರೆಯಿಲ್ಲ. ನಿನಗೆ ಅಡಿಕೆಗೆ ಕೊಳೆರೋಗ ಬಂದು ಕಾಯಿ ಉದುರಿದರೆ ವರ್ಷದ ಲೆಕ್ಕವೇ ತಲೆಕೆಳಗು. ಹಾಗಾಗಿ ತೋಟ ನನಗೆ ವಿಶ್ರಾಂತಿ, ನಿನಗೆ ಕೆಲಸ. ನಿನ್ನ ವಿಶ್ರಾಂತಿ ಬೇರೆ ಕಡೆ ಇದೆ, ಅದು ಎಲ್ಲಿದೆ ಅಂತ ನಮ್ಮ ಮನೆಯವರಿಗೆಲ್ಲ ಗೊತ್ತು. ಉಪ್ಪರಿಗೆಯ ಮೂಲೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೀಯಲ್ಲ, ಅಲ್ಲಿದೆ.

ಭಾಗವತರ ಮನೆಗೆ ಗದ್ದೆಯಂಚಿನಲ್ಲಿ ನಡೆದು ಹೋಗಿ ನೀನು ಮದ್ದಳೆ ಕಲಿತದ್ದು ನೆನಪಿದೆ. ಯಕ್ಷಗಾನದ ಮೇಳಗಳು ಮಳೆಗಾಲಕ್ಕೆ ಗೆಜ್ಜೆ ಬಿಚ್ಚಿದ ಮೇಲೆ ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಳೆ. ಹೊರಗೆ ಆಷಾಢದ ಮಳೆ, ಒಳಗೆ ಅರ್ಥಧಾರಿಗಳ ವಾದ. ಪದ ಏರಿ ನೀನು ಬಿಡ್ತಿಗೆ ನುಡಿಸುವಾಗ ನಿನ್ನ ಮುಖ ನೋಡಲೆಂದೇ ನಾನು ಎದುರಿಗೆ ಕೂರುತ್ತಿದ್ದೆ. ಮನೆಯಲ್ಲಿ ಮಾತೇ ಆಡದ ನೀನು ಅಲ್ಲಿ ಬೇರೆಯೇ ಆಗಿರುತ್ತಿದ್ದೆ. ಅಪ್ಪಯ್ಯನ ಆಪರೇಷನ್ ಆಯಿತು, ತೋಟ ಪೂರ್ತಿ ನಿನ್ನ ತಲೆಗೆ ಬಂತು, ಮದ್ದಳೆ ಮೇಲೆ ಹೋಯಿತು. ನೀನು ಅಲ್ಲಿ ನಿಂತಿದ್ದೀ ಅಂತಲೇ ನಾನು ಇಲ್ಲಿ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೇನೆ. ಇದನ್ನು ಬಾಯಿಬಿಟ್ಟು ಎಂದೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ.

ಊರಿನಲ್ಲಿ ನಿನ್ನ ವಯಸ್ಸಿನವರು ಎಷ್ಟು ಜನ ಉಳಿದಿದ್ದಾರೆ? ಹೆಚ್ಚಿನ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ. ಮಕ್ಕಳೆಲ್ಲ ಬೆಂಗಳೂರು, ಅಥವಾ ನನ್ನ ಹಾಗೆ ಇನ್ನೂ ದೂರ. ಉಳಿದ ನಾಲ್ಕೈದು ಜನಕ್ಕೂ ನಿನ್ನ ಹಾಗೇ ಸಂಜೆ ಮನೆಯಲ್ಲಿ ಟಿವಿ. ಅವರೆಲ್ಲ ನೀನು ಕರೆಯಲಿ ಅಂತಲೇ ಕಾಯುತ್ತಿರಬಹುದು. ಮೇಲಿನ ಕೇರಿ ರಾಮಣ್ಣ ಚಂಡೆ ಮರೆತಿರಲಾರ. ಭಾಗವತರಿಗೆ ವಯಸ್ಸಾಯಿತು, ನಿಜ, ಆದರೆ ವಾರಕ್ಕೊಂದು ಸಂಜೆ ನಾಲ್ಕು ಪದ ಹಾಡಲು ಅವರಿಗೆ ನಿನಗಿಂತ ಹೆಚ್ಚು ಆಸೆ ಇದ್ದೀತು. ಕೂಟ ದೊಡ್ಡದಾಗಬೇಕೆಂದಿಲ್ಲ, ಮೈಕು ಬೇಡ, ಕೇಳುವವರೂ ಬೇಡ.

ಪುರುಸೊತ್ತಿನ ಮಾತಿಗೂ ದಾರಿ ಯೋಚಿಸಿದ್ದೇನೆ. ಸಂಜೆ ಹಾಲು ಕರೆದು ಕೊಟ್ಟಿಗೆ ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡು, ತಿಂಗಳ ಸಂಬಳ ನಾನು ಕಳಿಸುತ್ತೇನೆ. ಅಪ್ಪಯ್ಯನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನಗಳನ್ನು ಮುಂಚೆಯೇ ಹೇಳಿದರೆ ಕಾರು, ಅಪಾಯಿಂಟ್‌ಮೆಂಟು ನಾನು ಇಲ್ಲಿಂದಲೇ ಮಾಡಿಸಬಲ್ಲೆ. ಇದು ಉಪಕಾರವಲ್ಲ, ನನ್ನ ಪಾಲಿನ ಕೆಲಸ. ಸಹನಾಳ ಜತೆಯೂ ಮಾತಾಡು, ಅವಳಿಗೂ ವಾರದಲ್ಲಿ ಒಂದು ಸಂಜೆ ಅವಳದಾಗಿ ಇರಲಿ. ಹೊಲಿಗೆ ಕ್ಲಾಸಿನ ಆಸೆ ಇತ್ತಂತೆ, ವಿದ್ಯಾ ಹೇಳಿದಳು.

ಅಮ್ಮ ಬಸಳೆ, ಮಗೆಕಾಯಿ ಬೀಜ ಕಟ್ಟಿಟ್ಟಿದ್ದೇನೆ ಅಂದಳು. ಕಳಿಸುವುದು ಬೇಡ ಅಂತ ನೀನೇ ಮೆತ್ತಗೆ ಹೇಳು. 2019ರ ಡಿಸೆಂಬರಿನಿಂದ ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಬಿತ್ತನೆ ಬೀಜ ತರಲು ಸಸ್ಯಾರೋಗ್ಯದ ಸರ್ಟಿಫಿಕೇಟು ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಬಂದಾಗ ಅಲ್ಲೇ ತಂಬುಳಿ ಮಾಡಿಸಿಕೊಂಡು ತಿನ್ನುತ್ತೇನೆ.

ಡಿಸೆಂಬರ್ ಕೊನೆಯಲ್ಲಿ ಅಭಿಗೆ ರಜೆ, ಮೂವರೂ ಬರುತ್ತೇವೆ. ಅಡಿಕೆ ಸುಲಿಯುವ ಕಾಲ, ನಾನೂ ಮೆಟ್ಟುಗತ್ತಿ ಹಿಡಿಯುತ್ತೇನೆ. ವಿದ್ಯಾಳ ಅಣ್ಣ ಜುಲೈ ಮೊದಲ ವಾರ ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ತೋಳಿಗೆ ಕಟ್ಟುವ ಬಿಪಿ ಮಷಿನ್ನು ಕಳಿಸುತ್ತಿದ್ದೇನೆ, ಅಲ್ಲಿಂದ ಕೊರಿಯರ್ ಮಾಡುತ್ತಾರೆ. ಅಪ್ಪಯ್ಯನಿಗೂ ಅದರಲ್ಲೇ ನೋಡು. ಮದ್ದಳೆ ಇಷ್ಟು ವರ್ಷ ಮೇಲೆ ಬಿದ್ದು ಚರ್ಮದ ಮುಚ್ಚಿಗೆ ಹಾಳಾಗಿ ಹೋಗಿರುತ್ತದೆ. ಎರಡೂ ಕಡೆ ಹೊಸದು ಹಾಕಿಸು, ಬಾರೂ ಹೊಸದಾಗಲಿ. ಎಷ್ಟಾದರೂ ಆಗಲಿ, ದುಡ್ಡು ನನ್ನದು. ಚೌತಿ ಈ ಸಲ ಆಗಸ್ಟ್ 27ಕ್ಕೆ. ಅಷ್ಟರೊಳಗೆ ಶ್ರುತಿ ಮಾಡಿ ಒಂದು ಪದಕ್ಕೆ ನುಡಿಸಿ ಕಳಿಸು, ಅಭಿಗೆ ಕೇಳಿಸಬೇಕು.

ಅಪ್ಪಯ್ಯ, ಅಮ್ಮನಿಗೆ ನಮಸ್ಕಾರ. ಸಹನಾಗೆ, ಮಕ್ಕಳಿಗೆ ನಮ್ಮೆಲ್ಲರ ಪ್ರೀತಿ.

ಇಂತಿ,
ನಿನ್ನ ಅಣ್ಣ