ಹಳೆಯ ಟ್ರ್ಯಾಕ್ಟರ್ ಗುಜರಿಗೆ ಹಾಕುವ ಮುನ್ನ ಪ್ಲಗ್ ವಾಯರ್ ನೋಡಿ

ಮಾನ್ಯ ಸಂಪಾದಕರೇ,

ಗದಗ, ರೋಣ, ನವಲಗುಂದ ಕಡೆಯ ಹಳೆಯ ಒಕ್ಕಲುತನದ ಮನೆಗಳಲ್ಲಿ ಪೆಟ್ರೋಲ್-ಸೀಮೆಎಣ್ಣೆಯಿಂದ ಓಡುವ ಟ್ರ್ಯಾಕ್ಟರ್‌ಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ‘ಎಂಜಿನ್ ಹೋಗಿದೆ’ ಎಂಬ ಒಂದೇ ಮಾತಿಗೆ ಇವು ಗುಜರಿಯವರ ಕಾಟಾ ಏರುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಇತ್ತೀಚೆಗೆ ನಮ್ಮ ಪಕ್ಕದ ಊರಿನಲ್ಲಿ ಹೀಗೆ ಮಾರಾಟಕ್ಕೆ ನಿಂತಿದ್ದುದು ಒಂದು ಫರ್ಗ್ಯೂಸನ್ ಟಿಇ-20, ಅಂದರೆ 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾದ ಮಾದರಿ. ಇಂಧನ ಹೊತ್ತಿಸುವ ಕಿಡಿಗೆ ವಿದ್ಯುತ್ ಒಯ್ಯುವ ಅದರ ನಾಲ್ಕು ಪ್ಲಗ್ ವಾಯರ್‌ಗಳಲ್ಲಿ ಎರಡು ಅದಲುಬದಲಾಗಿದ್ದವು. ಅವನ್ನು ಸರಿಪಡಿಸಿದ ಮೇಲೆ ಎಂಜಿನ್ ನಾಲ್ಕೂ ಸಿಲಿಂಡರ್‌ಗಳಲ್ಲಿ ಓಡಿತು.

ಇಂದಿನ ಫಿಟ್ಟರ್‌ಗಳು ಕಲಿತದ್ದೆಲ್ಲ ಡೀಸೆಲ್ ಎಂಜಿನ್ನಿನ ಮೇಲೆ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಂಪಿನಿಂದ ಇಂಜೆಕ್ಟರ್‌ಗೆ ಹೋಗುವ ಉಕ್ಕಿನ ಪೈಪುಗಳನ್ನು ಆಯಾ ಸಿಲಿಂಡರಿಗೆ ತಕ್ಕಂತೆ ಬಗ್ಗಿಸಿರುವುದರಿಂದ ತಪ್ಪು ಜಾಗದಲ್ಲಿ ಕೂರಿಸುವುದು ಸುಲಭವಲ್ಲ. ಪ್ಲಗ್ ವಾಯರ್ ಹಾಗಲ್ಲ, ಉದ್ದ ಸಾಕಾದರೆ ಯಾವ ಪ್ಲಗ್ಗಿಗೂ ಅದು ತಲುಪುತ್ತದೆ. ತೊಳೆಯುವಾಗಲೋ, ಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ (ಮುಚ್ಚಳ) ಬದಲಿಸುವಾಗಲೋ ಗುರುತು ಹಾಕದೆ ಕಿತ್ತರೆ ಮತ್ತೆ ಜೋಡಿಸಲು ಉಳಿಯುವುದು ಬರಿಯ ಊಹೆ.

ಊಹೆಯ ಅಗತ್ಯವೇ ಇಲ್ಲ. ಫರ್ಗ್ಯೂಸನ್ ಟಿಇ-20ರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಅದೇ ಕಾಲದ ಫೋರ್ಡ್ 8ಎನ್ ಟ್ರ್ಯಾಕ್ಟರ್‌ನದು 1-2-4-3. ರೇಡಿಯೇಟರ್ ಕಡೆಯ ಸಿಲಿಂಡರ್ ಎರಡರಲ್ಲೂ ಒಂದನೆಯದು. ಈ ಎರಡು ಕ್ರಮಗಳನ್ನು ಗಮನವಿಟ್ಟು ನೋಡಬೇಕು: ಒಂದನ್ನು ಹಿಂದುಮುಂದಾಗಿ ಸುತ್ತಿದರೆ ಇನ್ನೊಂದಾಗುತ್ತದೆ. ಆದ್ದರಿಂದ ಸಂಖ್ಯೆಗಳನ್ನು ಬಾಯಿಪಾಠ ಮಾಡಿದವರೂ ಡಿಸ್ಟ್ರಿಬ್ಯೂಟರ್‌ನ ಒಳಗೆ ಸುತ್ತುತ್ತ ಕಿಡಿ ಹಂಚುವ ರೋಟರ್ ಯಾವ ಕಡೆಗೆ ತಿರುಗುತ್ತದೆ ಎಂದು ನೋಡದೆ ವಾಯರ್ ಹಾಕಿದರೆ ಎರಡನೆಯ ಮತ್ತು ಮೂರನೆಯ ವಾಯರ್‌ಗಳು ಪರಸ್ಪರ ಜಾಗ ಬದಲಿಸುತ್ತವೆ. ಆಗ ಒಂದು ಮತ್ತು ನಾಲ್ಕನೆಯ ಸಿಲಿಂಡರ್‌ಗಳು ಸರಿಯಾಗಿ ಉರಿಯುತ್ತವೆ. ಉಳಿದೆರಡರಲ್ಲಿ ಹೊಗೆ ಹೊರಹೋಗಿ ಒಳಗಾಳಿಯ ವಾಲ್ವ್ ತೆರೆಯುವ ಹೊತ್ತಿಗೆ ಕಿಡಿ ಬೀಳುತ್ತದೆ. ಎಂಜಿನ್ ನಡುಗುವುದು, ಕಾರ್ಬುರೇಟರ್‌ನಿಂದ ಪಟಪಟ ಸದ್ದು ಬರುವುದು, ಎಳೆಯುವ ಶಕ್ತಿ ಅರ್ಧಕ್ಕಿಳಿಯುವುದು ಇದರಿಂದಲೇ. ಈ ಲಕ್ಷಣಗಳನ್ನು ನೋಡಿ ವಾಲ್ವ್ ಸುಟ್ಟಿದೆ ಎಂದು ಹೆಡ್ ಬಿಚ್ಚಿಸುವವರೇ ಹೆಚ್ಚು.

ಸರಿಯಾದ ವಿಧಾನಕ್ಕೆ ಒಂದು ಪ್ಲಗ್ ಪಾನಾ ಮತ್ತು ಎಂಜಿನ್ ತಿರುಗಿಸುವ ಹ್ಯಾಂಡಲ್ ಸಾಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಇಗ್ನಿಷನ್ ಬಂದ್ ಮಾಡಿ, ಎಲ್ಲ ಪ್ಲಗ್ ಬಿಚ್ಚಿ, ಒಂದನೆಯ ಸಿಲಿಂಡರಿನ ರಂಧ್ರಕ್ಕೆ ಒಬ್ಬರು ಬೆರಳು ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಧಾನವಾಗಿ ಹ್ಯಾಂಡಲ್ ತಿರುಗಿಸುವಾಗ ಗಾಳಿ ಬೆರಳನ್ನು ಹೊರಕ್ಕೆ ತಳ್ಳಿದರೆ ಅದು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಹಂತ. ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್‌ಗಳು ಒಟ್ಟಿಗೇ ಮೇಲೇರುವುದರಿಂದ ಪಿಸ್ಟನ್ ಮೇಲೆ ಬಂತೆಂಬುದಷ್ಟೇ ಸಾಲದು, ಗಾಳಿಯ ಒತ್ತಡವನ್ನೇ ನಂಬಬೇಕು. ಅಲ್ಲಿಂದ ಪಿಸ್ಟನ್ ಪೂರ್ತಿ ಮೇಲೆ ಬರುವ ಗುರುತಿನವರೆಗೆ ತಿರುಗಿಸಿ ಕ್ಯಾಪ್ ತೆಗೆದರೆ, ರೋಟರ್ ಯಾವ ತುದಿಯ ಕಡೆಗೆ ಮುಖ ಮಾಡಿದೆಯೋ ಅದೇ ಒಂದನೆಯ ವಾಯರಿನ ಜಾಗ. ಉಳಿದವನ್ನು ರೋಟರ್ ತಿರುಗುವ ದಿಕ್ಕಿನಲ್ಲಿಯೇ ಕ್ರಮವಾಗಿ ಹಾಕಿಕೊಂಡು ಹೋಗಬೇಕು. ಎಂಜಿನ್ನಿನ ಕ್ರಮ ಗೊತ್ತಿಲ್ಲದಿದ್ದರೆ ನಾಲ್ಕೂ ರಂಧ್ರಗಳ ಬಾಯಿಗೆ ಕಾಗದದ ಉಂಡೆಗಳನ್ನು, ಒಳಗೆ ಬೀಳದಷ್ಟು ದೊಡ್ಡದಾಗಿ ಮಾಡಿ, ಸಿಕ್ಕಿಸಿ ತಿರುಗಿಸಿದರೆ ಅವು ಹಾರುವ ಸರದಿಯೇ ಫೈರಿಂಗ್ ಆರ್ಡರ್. ಪ್ಲಗ್ ಹಾಕಿ ಸ್ಟಾರ್ಟ್ ಮಾಡುವಾಗ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ ಎಂದು ಹುಡುಗರಿಗೆ ಕಡ್ಡಾಯವಾಗಿ ಹೇಳಬೇಕು. ಕಿಡಿ ಬೇಗ ಬಿದ್ದು ಹ್ಯಾಂಡಲ್ ತಿರುಗಿ ಹೊಡೆದರೆ ಕೈ ಮುರಿಯುತ್ತದೆ.

ಕ್ರಮ ಸರಿಯಿದ್ದೂ ಎಂಜಿನ್ ತಡವರಿಸಿದರೆ ಕತ್ತಲಲ್ಲಿ ಓಡಿಸಿ ನೋಡುವುದು ಒಳ್ಳೆಯದು. ಹಳೆಯ ವಾಯರಿನ ರಬ್ಬರ್ ಬಿರಿದಿದ್ದರೆ ಅಥವಾ ಕ್ಯಾಪಿನಲ್ಲಿ ಕೂದಲೆಳೆಯ ಸೀಳಿದ್ದರೆ ಕಿಡಿ ಹೊರಗೆ ಹರಿಯುವುದು ಕಣ್ಣಿಗೆ ಕಾಣುತ್ತದೆ. ಮಳೆಗಾಲದ ತೇವದಲ್ಲಿ ಇದು ಇನ್ನೂ ಹೆಚ್ಚು. ಪ್ಲಗ್ ಒದ್ದೆಯಾಗಿ ಸೀಮೆಎಣ್ಣೆ ವಾಸನೆ ಬಂದರೆ ತಪ್ಪು ವಾಯರಿನದೇ ಆಗಿರಬೇಕೆಂದಿಲ್ಲ, ನಿಲ್ಲಿಸುವ ರೀತಿಯದೂ ಇರಬಹುದು. ಈ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಶುರು ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಕಾರ್ಬುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಎಂಜಿನ್ ಅದನ್ನು ಹೊತ್ತಿಸಲಾರದು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಸಾಲುಗಳಿಗೆ ಜಾಗ ಸಿಗುತ್ತದೆ. ಅಲ್ಲಿಯೇ ಒಂದು ಮೂಲೆಯಲ್ಲಿ ಹಳೆಯ ಎಂಜಿನ್ ಒಂದನ್ನು ತೆರೆದಿಟ್ಟು, ಐಟಿಐ ಹುಡುಗರ ಕೈಯಿಂದಲೇ ವಾಯರ್ ಬಿಚ್ಚಿಸಿ ಜೋಡಿಸುವ ಪ್ರಾತ್ಯಕ್ಷಿಕೆ ನಡೆಸಬೇಕೆಂದು ವಿನಂತಿಸುತ್ತೇನೆ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೂ ಇಂತಹದೊಂದು ತರಬೇತಿ ಇಟ್ಟುಕೊಂಡರೆ ಗದಗ ಜಿಲ್ಲೆಯವರಿಗೆ ಹತ್ತಿರವಾಗುತ್ತದೆ. ಪೆಟ್ರೋಲ್ ಟ್ರ್ಯಾಕ್ಟರ್‌ಗಳ ಮೇಲೆ ಕೆಲಸ ಮಾಡಿದ ಹಿರಿಯ ಮಿಸ್ತ್ರಿಗಳು ಈಗ ಬೆರಳೆಣಿಕೆಯಷ್ಟಿದ್ದಾರೆ. ಅವರನ್ನು ಕರೆದರೆ ಸಂತೋಷದಿಂದ ಬಂದು ಕಲಿಸುತ್ತಾರೆ. ಅಲ್ಲಿಯವರೆಗೆ, ಇಂತಹ ಟ್ರ್ಯಾಕ್ಟರ್ ಇರುವ ರೈತ ಬಂಧುಗಳು ಗುಜರಿಯವರೊಂದಿಗೆ ದರ ಮಾತನಾಡುವ ಮೊದಲು ಒಂದನೆಯ ಪ್ಲಗ್ ಬಿಚ್ಚಿ ಬೆರಳಿಟ್ಟು ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್,
ಗದಗ-ಬೆಟಗೇರಿ